ಶಿವಲಿಂಗವ್ವನ ತಾಂಬಡಾ

ಹುಣಸೆಬೀಜದ ಅಂಟನ್ನು ಶಿವಲಿಂಗವ್ವ ಹಳೆ ಧೋತರದ ತುಂಡಿನಲ್ಲಿ ಸೋಸುತ್ತಿದ್ದಾರೆ. ಬೆಳಗಾವಿ ಪಕ್ಕದ ಮಚ್ಛೆಯ ಕಾರ್ಖಾನೆಗಳ ಬೆಳಗಿನ ಭೋಂಗಾ ಇನ್ನೂ ಕೂಗಿಲ್ಲ. ಬಣ್ಣ ಬಟ್ಟೆಗೆ ಕಚ್ಚಿಕೊಳ್ಳಬೇಕಾದರೆ ಈ ಅಂಟು ಗಂಟಿಲ್ಲದೆ ಇಳಿಯಬೇಕು. ಪಕ್ಕದ ಒಲೆಯ ಮೇಲೆ ಚಹಾ. ಗಂಡ ಗುರುಪುತ್ರಪ್ಪ ಎದ್ದು ಬಂದು ಎರಡೂ ಪಾತ್ರೆ ಇಣುಕಿ ನೋಡುತ್ತಾರೆ.

“ಚಾ ಯಾವದು, ಅಂಟ ಯಾವದು ಹೇಳಿಬಿಡು. ಮೊನ್ನಿ ಹಂಗ ಬಾಯಿ ಅಂಟಿಸ್ಕೊಂಡ ಕುಂದರೂದು ಬ್ಯಾಡ.”

“ಅವತ್ತ ಮನಿ ಭಾಳ ಶಾಂತ ಇತ್ರಿ,” ಎಂದು ಶಿವಲಿಂಗವ್ವ ತಲೆ ಎತ್ತದೆ, ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ.

ಖಾನಾಪುರದ ಕಡೆ ಹಳ್ಳಿಗಳಲ್ಲಿ ನಾಟಕ ಆಡಿದರೆ ಹಿಂದೆ ಇಳಿಬಿಡುವ ಅರಮನೆ, ಅಡವಿ, ಬೀದಿಯ ಪರದೆಗಳು ಬಹಳಷ್ಟು ಈ ಅಂಗಳದಲ್ಲೇ ಬಣ್ಣ ಕಂಡವು. ಗುರುಪುತ್ರಪ್ಪ ಬಟ್ಟೆ ಹೊಲಿದು ಬಿದಿರು ಕಟ್ಟುತ್ತಾರೆ. ಗೆರೆ, ಬಣ್ಣ ಎಲ್ಲ ಶಿವಲಿಂಗವ್ವನದು. ಪಾರಿಶ್ವಾಡದಿಂದ ಸೊಸೆಯಾಗಿ ಬಂದಾಗ ಮಾವನಿಗೆ ಬಣ್ಣ ಕಲೆಸಿಕೊಡುವುದಷ್ಟೇ ಅವರ ಕೆಲಸವಾಗಿತ್ತು. ಮಾವನ ಕಣ್ಣು ಮಂಜಾದ ಮೇಲೆ ಬ್ರಷ್ ಇವರ ಕೈಗೆ ಬಂತು. ದಿನವೆಲ್ಲ ಪರದೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಮಂಡಿ ಸವೆದಿವೆ. ಮಳೆಗಾಲದಲ್ಲಿ ಬಣ್ಣ ಒಣಗುವುದಿಲ್ಲ, ಆಗ ಕೆಲಸವೂ ಇಲ್ಲ. ನಾಟಕ ಮುಗಿದು ಎಲ್ಲರಿಗೂ ಹಾರ ಬೀಳುತ್ತದೆ. ಪರದೆ ಬರೆದವರು ಯಾರೆಂದು ಕೇಳಿದವರು ಕಡಿಮೆ.

ಅವರ ಹೆಸರು ನಿಂತಿದ್ದು ಒಂದು ತಪ್ಪಿನಿಂದ. ಬಹಳ ವರ್ಷಗಳ ಹಿಂದೆ ಖಾನಾಪುರದ ಮರಾಠಿ ನಾಟಕ ಮಂಡಳಿಯ ಯಜಮಾನರು ಬಂದು ‘ತಾಂಬಡಾ’ ಅರಮನೆ ಬೇಕೆಂದರು. ಮರಾಠಿಯಲ್ಲಿ ತಾಂಬಡಾ ಎಂದರೆ ಕೆಂಪು. ಕನ್ನಡದ ಮನೆಯಲ್ಲಿ ಬೆಳೆದ ಶಿವಲಿಂಗವ್ವನಿಗೆ ಕೇಳಿಸಿದ್ದು ತಾಂಬ್ರ, ಅಂದರೆ ತಾಮ್ರ.

“ಹುಣಚಿಹಣ್ಣ ಹಚ್ಚಿ ತಿಕ್ಕಿದ ತಂಬಗಿ ಇರತೈತಲ್ರಿ, ಆ ಬಣ್ಣ ಬಳದೆ. ಅವರು ನೋಡಿ ಹಣಿ ಹಣಿ ಬಡಕೊಂಡ್ರು.”

ಬೇರೆ ಬರೆಯಲು ಹೊತ್ತಿರಲಿಲ್ಲ, ಅದನ್ನೇ ಕಟ್ಟಿದರು. ಹಳದಿ ಬಲ್ಬಿನ ಬೆಳಕು ಬಿದ್ದದ್ದೇ ಗೋಡೆ ನಿಗಿನಿಗಿ ಕೆಂಡದಂತಾಯಿತಂತೆ. ಅಂದಿನಿಂದ ಆ ಬಣ್ಣಕ್ಕೆ ಸುತ್ತಲಿನವರೆಲ್ಲ ‘ಶಿವಲಿಂಗವ್ವನ ತಾಂಬಡಾ’ ಎನ್ನುತ್ತಾರೆ.

ಆ ಪರದೆಯನ್ನು ಇಲಿ ಕಡಿದಿದೆ. ಯಜಮಾನರ ಮಗ ಅನಿಕೇತ ಯುಗಾದಿಗೆ ಮೊದಲೇ ಪತ್ರ ಬರೆದಿದ್ದಾರೆ. ಈಗ ರಂಗದ ಮೇಲೆ ಬಿಳಿ ಎಲ್‌ಇಡಿ ದೀಪ, ಅದರಡಿಯಲ್ಲಿ ಅದೇ ತಾಂಬಡಾ ಕಾಣುವುದಾದರೆ ನಮೂನೆ ಕಳಿಸಿ, ಇಲ್ಲವಾದರೆ ಫ್ಲೆಕ್ಸ್ ಹಾಕಿಸುತ್ತೇವೆ ಎಂದು. ಒಂದು ಮಂಡಳಿ ಫ್ಲೆಕ್ಸಿಗೆ ಹೋದರೆ ಉಳಿದವೂ ಹೋಗುತ್ತವೆ ಎಂಬುದು ಈ ಮನೆಗೆ ಗೊತ್ತು. ಶಿವಲಿಂಗವ್ವ ಉತ್ತರ ಬರೆಯಲಿಲ್ಲ. ಬಣ್ಣ ಕೂಡಿಬರದೆ ಏನೆಂದು ಬರೆಯುವುದು? ಬೆಳಗಾವಿ ಪೇಟೆಯಿಂದ ಅಂಥದೇ ದೀಪ ತಂದು ಪಡಸಾಲೆಯಲ್ಲಿ ತೂಗಿಹಾಕಿದರು. ಅದರಡಿಯಲ್ಲಿ ತಾಂಬಡಾ ಬರೇ ರಾಡಿಯಾಗಿ ಕಂಡಿತು. ಕೆಂಪು ಹೆಚ್ಚಿಸಿದರೆ ಇಟ್ಟಿಗೆ, ಹಳದಿ ಹೆಚ್ಚಿಸಿದರೆ ಗಜ್ಜರಿ.

ಗುರುಪುತ್ರಪ್ಪ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸೋಣ ಎಂದರು. ಮೊಬೈಲು ತನಗೆ ಬೇಕಾದ ಬಣ್ಣ ತೋರಿಸುತ್ತದೆ ಎಂದು ಇವರು ಒಪ್ಪಲಿಲ್ಲ.

ಹೋದ ವಾರ ಪಾರಿಶ್ವಾಡದವರಿಗಾಗಿ ಬರೆದ ಅಡವಿಯ ಪರದೆಯನ್ನು ಪಡಸಾಲೆಯಲ್ಲಿ ಒಣಹಾಕಿದ್ದರು. ಸೋತ ತಾಂಬಡಾ ಬಳಿದ ಬಟ್ಟೆಯ ತುಂಡೊಂದು ಅದರ ಹಸಿರು ಅಂಚಿಗೆ ಬಿದ್ದಿತ್ತು. ಆ ಬಿಳಿ ದೀಪ ಹಚ್ಚಿದಾಗ ಆ ತುಂಡು ಮತ್ತೆ ಕೆಂಡವಾಗಿತ್ತು.

“ಕೆಂಪಿಗೆ ಮತ್ತ ಕೆಂಪ ಸುರವಿದ್ರ ಕೆಂಪ ಆಗೂದಿಲ್ರಿ. ಬಾಜೂಕ ಪಾಚಿ ಹಸರ ಇಡ್ರಿ, ತಾನ ಎದ್ದ ನಿಂದರತೈತಿ. ಬಣ್ಣಕ್ಕೂ ನೆರಿಮನಿ ಚಲೋ ಇರಬೇಕು,” ಎನ್ನುತ್ತಾರೆ. ತಾಂಬಡಾ ಹಾಗೇ ಇರುತ್ತದೆ; ಹೊಸ ಅರಮನೆಯ ಕಂಬಗಳು ಮಾತ್ರ ಹಸಿರಾಗುತ್ತವೆ.

ಇಂದು ಅಂಟು ಆರುವ ಹೊತ್ತಿಗೆ ಉತ್ತರ ಮುಗಿದಿದೆ. ಗೋಡೆ, ಕಂಬ ಎರಡೂ ಬರೆದ ಬಟ್ಟೆಯ ತುಂಡನ್ನು ಮಡಚಿ, ಹಗಲಲ್ಲಿ ನೋಡಬೇಡಿ, ನಿಮ್ಮ ದೀಪದ ಕೆಳಗೇ ಹಿಡಿದು ನೋಡಿ ಎಂದು ಬರೆದು ಲಕೋಟೆಗೆ ಹಾಕಿದ್ದಾರೆ. ಟಪಾಲು ಕಚೇರಿಯವರೆಗೆ ನಾನೂ ಜೊತೆಗೆ ಹೋಗುತ್ತೇನೆ. ಕಿಟಕಿಯಾಚೆಯ ಹುಡುಗಿ ಲಕೋಟೆ ಒತ್ತಿ ನೋಡಿ, ಒಳಗ ಅರಿವಿ ಐತೇನ್ರಿ ಅಜ್ಜಿ ಎಂದು ಕೇಳುತ್ತಾಳೆ.

“ಅರಮನಿ ಐತವಾ,” ಎನ್ನುತ್ತಾರೆ ಶಿವಲಿಂಗವ್ವ. “ಶಿಕ್ಕಾ ಹಗೂರಕ ಹೊಡಿ.”