ಮುಳುಗಿದ ಊರಿನ ಮೇಲೊಂದು ಸಂಡಾಸ

ನಮ್ಮ ಅಕ್ಕ ಇಂದ್ರವ್ವನ ಗಂಡ ಈಶ್ವರ ಮಾಮಾನ ಬಗ್ಗೆ ಬರೆಯಬೇಕೆಂದರೆ ಸಂಡಾಸದಿಂದಲೇ ಶುರು ಮಾಡಬೇಕು. ಮೂಗು ಮುರಿಯುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ಬೋಟಿನೊಳಗಿನ ಸಂಡಾಸ ನೋಡಿಕೊಳ್ಳುವುದೇ ಅವನ ಕಸುಬು.

ಕೃಷ್ಣೆಯ ಹಿನ್ನೀರು ನಮ್ಮೂರನ್ನು ನುಂಗಿದಾಗ ಮಾಮಾನ ಹೊಲ, ನಮ್ಮ ಮನೆ ಎರಡೂ ನೀರುಪಾಲಾದವು. ನಾವು ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಬಂದೆವು, ಅವನು ಗೋವಾ ಬಸ್ಸು ಹತ್ತಿದ. ಅಲ್ಲಿ ಪ್ರವಾಸಿಗರ ಬೋಟಿನಲ್ಲಿ ಕೆಲಸ. ಊರಿಗೆ ಬಂದಾಗ ಕೇಳಿದರೆ 'ಮಷಿನ್ ಕೆಲಸ' ಅನ್ನುತ್ತಿದ್ದ. ಸುಳ್ಳೇನಲ್ಲ, ಬೋಟಿನ ಸಂಡಾಸವೂ ಒಂದು ಮಷಿನ್ನೇ. ಪಕ್ಕದ ಕೈಪಂಪು ಎಳೆದರೆ ಬೋಟಿನ ಕೆಳಗಿನ ನೀರೇ ಮೇಲೆ ಬಂದು ಕಮೋಡು ತೊಳೆಯುತ್ತದೆ, ಒತ್ತಿದರೆ ಎಲ್ಲವೂ ಪೈಪಿನಲ್ಲಿ ಹೊರಟುಹೋಗುತ್ತದೆ.

ಮುಂದೆ ಜಮಖಂಡಿಯ ವ್ಯಾಪಾರಿ ಅಣ್ಣಾಸಾಹೇಬರು ಗೋವಾದಿಂದ ಒಂದು ಹಳೇ ಬೋಟು ತಂದು ನಮ್ಮ ಹಿನ್ನೀರಿಗೆ ಬಿಟ್ಟರು. ಬೋಟಿನ ಜೊತೆಗೆ ಮಾಮಾನೂ ಬಂದ. ಆದರೆ ಅವನದೊಂದು ಹಟ. ಹೊಲಸು ನದಿಗೆ ಹೋಗಕೂಡದು, ಒಳಗೊಂದು ಟಾಕಿ ಕೂರಿಸಿ ದಂಡೆಯಲ್ಲೇ ಖಾಲಿ ಮಾಡಬೇಕು. ಸಮುದ್ರದಲ್ಲಿ ನಡೆದದ್ದು ಜನ ಕುಡಿಯುವ ನೀರಿನಲ್ಲಿ ನಡೆಯುವುದಿಲ್ಲ ಅಂದ. ಸಾಹುಕಾರರು ಗೊಣಗಿ ಗೊಣಗಿ ಒಪ್ಪಿದರು.

ಅವನ ಕೆಲಸ ನೋಡುತ್ತ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಪಂಪಿನ ರಬ್ಬರ್ ಒಣಗದಂತೆ ಕುಸುಬಿ ಎಣ್ಣೆ ಬಿಡುತ್ತಾನೆ. ಪೈಪಿನೊಳಗೆ ಕಟ್ಟಿದ ಕರೆಗೆ ಹುಣಸೆ ಹುಳಿ ಹಾಕಿ ರಾತ್ರಿಯಿಡೀ ಬಿಡುತ್ತಾನೆ. ಬಿಸಿನೀರಿನ ಅರಿವೆಯಿಂದ ಪೈಪು ಒರೆಸಿ, ಅದೇ ಅರಿವೆಯನ್ನು ಮೂಗಿಗೆ ಹಿಡಿದು ವಾಸನೆ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಾನೆ. ಅಕ್ಕ ಅವನನ್ನು ಸ್ನಾನ ಮಾಡದೆ ಒಳಗೆ ಬಿಡುವುದಿಲ್ಲ. ಅವನೂ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿಯೇ ತಾಟಿನ ಮುಂದೆ ಕೂರುವವನು.

ನಮ್ಮವ್ವ ತಾರವ್ವನಿಗೆ ಒಂದೇ ಆಸೆ ಉಳಿದಿತ್ತು. ಮುಳುಗಿದ ಮನೆಯ ಮೇಲೆ ನಿಂತು ಹೊಳೆಯ ತಾಯಿ ಗಂಗವ್ವನಿಗೆ ಉಡಿ ತುಂಬಬೇಕು. ಆಕೆಗೆ ಸಕ್ಕರೆ ಕಾಯಿಲೆ, ಸ್ವಲ್ಪ ಹೊತ್ತೂ ತಡೆದುಕೊಳ್ಳಲಾಗುವುದಿಲ್ಲ. ಬೋಟಿನಲ್ಲೇ ಸಂಡಾಸ ಐತಿ ಅಂದರೆ ಕೇಳಬೇಕಲ್ಲ.

"ನಮ್ಮ ಅಡಗಿ ಮನಿ ಮ್ಯಾಲೆ ಹೋಗಿ ಕುಂಡ್ರಲೇನು?" ಅಂದಳು.

ನನಗೆ ಸಿಟ್ಟು ಬಂತು. ಮಾಮಾನಿಗೆ ಬರಲಿಲ್ಲ. ಅವ್ವನನ್ನು ದಂಡೆಗೆ ಕರೆಸಿ, ಹಲಗೆ ಎತ್ತಿ ಟಾಕಿ ತೋರಿಸಿದ. ನದಿಯ ಕಡೆಯ ವಾಲ್ವಿಗೆ ಅವಳೆದುರೇ ತಂತಿ ಬಿಗಿದ. ಒಂದು ಹನಿಯೂ ಕೆಳಗೆ ಬೀಳುವುದಿಲ್ಲ ಎಂದು ಎದೆಯ ಮೇಲಿನ ಲಿಂಗ ಮುಟ್ಟಿ ಹೇಳಿದ. ಅವ್ವ ಸೆರಗು ಮುಂದಕ್ಕೆ ಎಳೆದುಕೊಂಡು, ಬರುತ್ತೇನೆಂದು ಅಕ್ಕನ ಕಿವಿಯಲ್ಲಿ ಹೇಳಿದಳು. ಅಕ್ಕನ ಮದುವೆಯಾದಂದಿನಿಂದ ಆಕೆ ಅಳಿಯನ ಜೊತೆ ನೇರವಾಗಿ ಮಾತಾಡಿದವಳಲ್ಲ. ಏನಿದ್ದರೂ ಅಕ್ಕನ ಮೂಲಕವೇ. ನಮ್ಮಲ್ಲಿ ಆ ಕಾಲದವರ ಮರ್ಯಾದೆಯೇ ಹಾಗೆ.

ಶ್ರಾವಣದಲ್ಲಿ ಹೊಳೆ ತುಂಬಿದಾಗ ಹೊರಟೆವು. ನೀರೆಂದರೆ ಹೆದರುವ ಅಪ್ಪ ಮನೆಯಲ್ಲೇ ಉಳಿದ. ಬೋಟು ನಡೆಸುವ ಬಾಳೇಶ ಗುಡ್ಡದ ಗುರುತು ಹಿಡಿದು ಇಂಜಿನ್ ನಿಲ್ಲಿಸಿದ. ಕೆಳಗೆ ನಮ್ಮ ಓಣಿ. ಮನೆಯ ಮುಂದೆ ಜೋಳ ತುಂಬಿಡುವ ಹಗೇವು ಇತ್ತು. ಅದರ ಬಾಯಿ ತೆಗೆದ ದಿನ ಓಣಿಯ ತುಂಬ ಜೋಳದ ಬೆಚ್ಚನೆ ವಾಸನೆ, ಅಕ್ಕಪಕ್ಕದ ಹೆಂಗಸರೆಲ್ಲ ಬುಟ್ಟಿ ಹಿಡಿದು ನಮ್ಮ ಕಟ್ಟೆಗೆ. ಆ ವಾಸನೆ ಇನ್ನೊಮ್ಮೆ ಸಿಕ್ಕರೆ ನಾನು ಏನು ಬೇಕಾದರೂ ಕೊಟ್ಟೇನು. ಹೊಸ ಊರಿನಲ್ಲಿ ಯಾರೂ ಹಗೇವು ತೋಡಲಿಲ್ಲ. ಜೋಳ ಚೀಲದಲ್ಲಿ ಬರುತ್ತದೆ, ಚೀಲದಲ್ಲೇ ಮುಗಿಯುತ್ತದೆ.

ಅಷ್ಟರಲ್ಲಿ ಅವ್ವ ತಡೆಯಲಾಗದೆ ಸಂಡಾಸಕ್ಕೆ ಹೋದಳು. ಅಕ್ಕ ಹೊರಗೆ ನಿಂತು ಪಂಪು ಹೇಗೆ ಆಡಿಸಬೇಕೆಂದು ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪಂಪು ಬಿಗಿಯಿತು. ಕಮೋಡಿನಲ್ಲಿ ನೀರು ಏರತೊಡಗಿತು. ಅವ್ವ ಹೊರಬಂದು ಮೂಲೆಯಲ್ಲಿ ಕುಸಿದು ಕೂತಳು. ಉಡಿ ತುಂಬುವುದು ಬೇಡ, ತಿರುಗಿ ಹೋಗೋಣ ಅಂದಳು. ತನ್ನ ಹೊಲಸಿಗೆ ಅಳಿಯ ಕೈ ಹಾಕುವುದಕ್ಕಿಂತ ಹೊಳೆಗೆ ಬೀಳುವುದು ವಾಸಿ ಎಂಬಂತಿತ್ತು ಅವಳ ಮುಖ.

ಬಾಳೇಶ ಒಳ್ಳೆಯ ಮನಸ್ಸಿನಿಂದಲೇ, ತಂತಿ ಬಿಚ್ಚಿ ನದಿಯ ಕಡೆಗೆ ಬಿಟ್ಟರೆ ಒಂದೇ ಏಟಿಗೆ ಹೋಗುತ್ತದೆ, ಇಷ್ಟು ದೊಡ್ಡ ನೀರಿನಲ್ಲಿ ಯಾರಿಗೆ ಗೊತ್ತಾಗುತ್ತದೆ ಅಂದ.

"ಕೆಳಗ ಅತ್ತಿಯವರ ಮನಿ ಐತೋ ಬಾಳೇಶಾ," ಅಂದ ಮಾಮಾ, ಅಷ್ಟೇ. ಅಂಗಿ ತೋಳು ಮಡಚಿ, ಬಕೆಟ್ಟು ಇಟ್ಟು, ಟಾಕಿಗೆ ಹೋಗುವ ಪೈಪು ಬಿಚ್ಚಿದ. ಅವ್ವ ಮುಖ ತಿರುಗಿಸಲಿಲ್ಲ, ಎಲ್ಲವನ್ನೂ ನೋಡಿದಳು. ಕೊನೆಗೆ ರಬ್ಬರ್ ವಾಲ್ವಿನಿಂದ ಒಂದು ಇಡೀ ಅಡಿಕೆ, ನಾಲ್ಕು ಕಾಳು ಅಕ್ಕಿ ಹೊರಬಂದವು.

ಅಡಿಕೆ ಅಲ್ಲಿಗೆ ಹೇಗೆ ಹೋಯಿತೆಂದು ನಾನು ಅವ್ವನ ಮೇಲೆ ಹರಿಹಾಯ್ದೆ.

"ಆ ನೀರು ನಮ್ಮೂರಿಂದ ಬಂದದ್ದಲ್ಲೇನೋ? ಕುಂಡ್ರೂದಕ್ಕ ಮೊದಲ ತಪ್ಪಾತ ಗಂಗವ್ವಾ ಅಂತ ಅದರಾಗ ಅಕ್ಕಿ ಅಡಿಕಿ ಹಾಕಿದ್ನಿ," ಅಂದಳು.

ಮಾಮಾ ನಗಲಿಲ್ಲ. ಪೈಪು ಜೋಡಿಸಿ, ಬಕೆಟ್ಟಿನದನ್ನು ಟಾಕಿಗೇ ಸುರಿದು, ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡ. ಆಮೇಲೆ ಪೂಜೆಯ ಸಾಮಾನು ಮೈಲಿಗೆಯಾದೀತೆಂದು ಬೋಟಿನ ಹಿಂತುದಿಗೆ ಹೋಗಿ, ಬೆನ್ನು ತಿರುಗಿಸಿ ನಿಂತ.

ಅಕ್ಕ ಮೊರದಲ್ಲಿ ಅಕ್ಕಿ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಹಸಿರು ಬಳೆ ಜೋಡಿಸಿದ್ದಳು. ಅವ್ವ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಬೋಟಿನ ಕಟಕಟೆ ಹಿಡಿದು ಹಿಡಿದು ಹಿಂತುದಿಗೆ ಹೋದಳು.

"ಈಶ್ವರಪ್ಪಾ, ಉಡಿ ನೀವ ಹಾಕ್ರಿ," ಅಂದಳು.

ಮಾಮಾ ತಿರುಗಿ ಅಕ್ಕನ ಕಡೆ ನೋಡಿದ, ಮಾತು ಅವಳಿಗೇ ಇರಬೇಕೆಂದು. ತನ್ನ ಕೈ ಎಂಥ ಕೆಲಸ ಮಾಡಿದ ಕೈ ಎಂದು ಹೇಳಲು ಬಾಯಿ ತೆರೆದ.

"ಗೊತ್ತೈತ್ರಿ," ಅಂದಳು ಅವ್ವ. "ಅದಽ ಕೈ ಬೇಕು."