ಕಲ್ಲು ಮುಟ್ಟಿಸಬೇಡಿ

ಚಿಂತಾಮಣಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ಮುನಿಗಂಗಪ್ಪ ಹೋದ ಸೋಮವಾರ ಬೆಳಿಗ್ಗೆ ತೀರಿಕೊಂಡ. ಹೃದಯಾಘಾತ. ಮಣ್ಣಿಗೆ ಬಂದೂಕಿನ ಬಿಡಿಭಾಗ ಮಾರುವ ಗಣೇಶ್ ಪ್ರಸಾದನೂ ಬಂದಿದ್ದ, ದೊಡ್ಡ ಹಾರ ತಂದಿದ್ದ. ನಾನು ಅವನನ್ನು ಮಾತಾಡಿಸಲಿಲ್ಲ.

ಮುನಿಗಂಗಪ್ಪ ಒಳ್ಳೇ ಮಾತಿನವನೇನಲ್ಲ. ದಿನಾ ಅವನ ಅಂಗಡಿಯಲ್ಲಿ ಹೋಗಿ ಕೂರುತ್ತಿದ್ದ ನನ್ನನ್ನು ‘ಮೇಷ್ಟ್ರೇ’ ಅಂತ ಕರೆದರೆ ಹೀಯಾಳಿಸಲಿಕ್ಕೇ. ಆದರೂ ಲೈಸೆನ್ಸ್ ಇದ್ದ ಅವನ ಅಂಗಡಿಗೆ ಶಿಡ್ಲಘಟ್ಟ, ಗೌರಿಬಿದನೂರು ಕಡೆಯಿಂದಲೂ ರೈಫಲ್ಲುಗಳು ಬರುತ್ತಿದ್ದವು. ಅವುಗಳಲ್ಲಿ ಗುಂಡನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಉಕ್ಕಿನ ಅಗುಳಿಗೆ ಬೋಲ್ಟ್ ಅನ್ನುತ್ತಾರೆ. ಅದರ ತುದಿಯಲ್ಲಿ ಎರಡು ಕಿವಿ. ಗುಂಡು ಸಿಡಿದಾಗಿನ ಒದೆತವನ್ನು ತಡೆಯುವುದು ಆ ಕಿವಿಗಳೇ. ಹಿಂದೆಲ್ಲ ಕಾರ್ಖಾನೆಯವರು ಅವನ್ನು ಕೂದಲೆಳೆಯಷ್ಟು ಹೆಚ್ಚು ದಪ್ಪ ಬಿಟ್ಟೇ ಕಳಿಸುತ್ತಿದ್ದರು. ಇವನು ಕಿವಿಗಳಿಗೆ ದೀಪದ ಮಸಿ ಬಳಿದು, ಹಾಕಿ ತೆಗೆದು, ಮಸಿ ಅಳಿಸಿಹೋದ ಜಾಗವನ್ನು ಸಾಣೆಕಲ್ಲಲ್ಲಿ ಉಜ್ಜಿ ಕೂರಿಸುತ್ತಿದ್ದ.

ತೊಂಡೇಬಾವಿಯ ಚೆನ್ನರಾಯಪ್ಪ ತನ್ನ ಹೊಸ ರೈಫಲ್ಲನ್ನು ಗೊಬ್ಬರದ ಚೀಲಗಳ ಮಧ್ಯೆ ಇಟ್ಟು ಬೋಲ್ಟಿಗೆ ತುಕ್ಕು ಹಿಡಿಸಿದ್ದ. ಗಣೇಶ್ ಪ್ರಸಾದ್ ಬೇರೆ ಬೋಲ್ಟ್ ತಂದುಕೊಟ್ಟ.

“ಕಂಪ್ಯೂಟರ್ ಮೆಷಿನ್ನಲ್ಲಿ ಮಾಡಿದ್ದು ಸಾರ್. ನೂರು ಮಾಡಿದ್ರೂ ನೂರೂ ಒಂದೇ ಅಳತೆ. ಕಲ್ಲು ಮುಟ್ಟಿಸಬೇಡಿ, ಹಾಗೇ ಹಾಕಿ.”

“ಏನಯ್ಯ, ನನ್ನಂಗಡೀಲಿ ನಂಗೇ ಪಾಠನಾ? ನಿನ್ ಮೆಷಿನ್ನು ಈ ರೈಫಲ್ ಮುಖ ನೋಡೈತಾ?”

“ನೋಡೋ ಅಗತ್ಯ ಇಲ್ಲ ಸಾರ್.”

“ಮುಖ ನೋಡ್ದೆ ಮದುವೆ ಆಗೋನು ನೀನು. ನಡಿ ಆಚೆ.”

ಅವನು ಹೋದ ಮೇಲೆ ಇವನು ಉಜ್ಜಿದ. ಬೋಲ್ಟ್ ಸಲೀಸಾಗಿ ಕೂತಿತು. ಆಮೇಲೆ ಅಳತೆಯ ಗೇಜ್ ಇಟ್ಟು ನೋಡಿದ. ಗೇಜ್ ಇದ್ದಾಗ ಬೋಲ್ಟ್ ಮುಚ್ಚಬಾರದು. ಮುಚ್ಚಿತು. ಅಂದರೆ ಒಳಗೆ ಸಂದು ಜಾಸ್ತಿಯಾಗಿದೆ. ಗುಂಡು ಹಾರಿಸಿದರೆ ತೋಟಾ ಒಡೆದು ಕಣ್ಣಿಗೇ ಬರಬಹುದು.

“ಉಜ್ಜೋಕೆ ಮುಂಚೆ ಒಂದ್ಸಲ ಹಾಕಿ ನೋಡಿದ್ಯಾ?” ಅಂದೆ.

“ಉಜ್ಜದೆ ಕೂತಿರೋ ಬೋಲ್ಟು ಯಾವುದೈತೆ ಹೇಳಿ ಮೇಷ್ಟ್ರೇ!”

ನೋಡಿರಲಿಲ್ಲ. ಗಣೇಶ್ ಪ್ರಸಾದ್ ಹೇಳಿದ್ದು ಸರಿಯಾಗಿತ್ತು. ನನಗೆ ಅವನನ್ನು ಕಂಡರಾಗದೆ ಇರುವುದಕ್ಕೆ ಅದೂ ಒಂದು ಕಾರಣ.

ಮುನಿಗಂಗಪ್ಪ ತೀರಿಕೊಳ್ಳುವ ಹಿಂದಿನ ದಿನ, ಭಾನುವಾರ ಸಂಜೆ, ಗಣೇಶ್ ಪ್ರಸಾದನೂ ಚೆನ್ನರಾಯಪ್ಪನೂ ಒಟ್ಟಿಗೇ ಬಂದರು. ಚೆನ್ನರಾಯಪ್ಪ ಬೋಲ್ಟನ್ನು ಹಾಕಿ ತೆಗೆದು ನೋಡಿದ.

“ಬೆಣ್ಣೆ ಹಂಗೆ ಕೂರ್ತದಲ್ಲ ಗಂಗಪ್ಪಣ್ಣ. ಕೊಡು, ಹೊಲದ ತುಂಬ ಹಂದಿ.”

“ಕೊಡಲ್ಲ.”

“ಯಾಕಪ್ಪ? ಬೋಲ್ಟು ನಂದು.”

“ಕಣ್ಣೂ ನಿಂದೇ. ಇಡು ಕೆಳಗೆ.”

ಗಣೇಶ್ ಪ್ರಸಾದ್ ಗೇಜ್ ಇಟ್ಟು ನೋಡಿ ನಕ್ಕ. “ಉಜ್ಜಿ ಹಾಳು ಮಾಡಿದಾರೆ. ಒಪ್ಕೊಳ್ಳಲಿ, ಇನ್ನೊಂದು ತಂದ್ಕೊಡ್ತೀನಿ.”

“ನಿನ್ ಮೆಷಿನ್ನೇ ಸುಳ್ಳು ಕಣೋ!” ಎಂದು ಮುನಿಗಂಗಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದ. ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು.

“ಏನಾದ್ರೂ ಮಾಡ್ಕೊಳ್ಳಿ, ನನಗೆ ಇದೇ ಸಾಕು” ಎಂದು ಚೆನ್ನರಾಯಪ್ಪ ರೈಫಲ್ಲನ್ನು ಹೆಗಲಿಗೇರಿಸಲು ಹೋದ. ಮುನಿಗಂಗಪ್ಪ ಅವನ ಕೈಗೆ ಹೊಡೆದು ಬೋಲ್ಟನ್ನು ಎಳೆದುಕೊಂಡ. ಗ್ರೈಂಡರ್ ಹಾಕಿದ. ಕಿಡಿ ಅಂಗಿಗೆ ಹಾರುತ್ತಿದ್ದರೂ ಗಣೇಶ್ ಪ್ರಸಾದನ ಮುಖ ನೋಡಿಕೊಂಡು ಬಾಯಿಗೆ ಬಂದಂತೆ ಬೈಯುತ್ತ, ಎರಡು ಕಿವಿಯೂ ಪೂರ್ತಿ ಸವೆದು ಆ ಬೋಲ್ಟ್ ಇನ್ನು ಯಾವ ರೈಫಲ್ಲಿಗೂ ಬಾರದಂತಾಗುವವರೆಗೆ ಚಕ್ರಕ್ಕೆ ಒತ್ತಿ ಹಿಡಿದ.