ಅಂಬಿಗನ ಆಟದ ಮೇಲಿನ ಚೀಟಿ

ಮಗಳು ಫೋನಿಗೆ ಹೊಸ ಆಟ ಇಳಿಸಿಕೊಳ್ಳುವಾಗ ಮೊದಲು ನೋಡುವುದು ಎಷ್ಟು ಲಕ್ಷ ಜನ ಅದನ್ನು ಇಳಿಸಿಕೊಂಡಿದ್ದಾರೆ ಎಂಬುದನ್ನು. "ಅಷ್ಟು ಮಂದಿ ತಗೊಂಡಾರಂದ್ರ ಛಲೋನ ಇರತೈತಿ ಅಪ್ಪಾ" ಎನ್ನುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಆದರೆ ಬಯ್ಯಲು ಬಾಯಿ ಬರುವುದಿಲ್ಲ, ಅಂಥದೇ ಲೆಕ್ಕ ತೋರಿಸಿ ವರ್ಷಗಟ್ಟಲೆ ಹೊಟ್ಟೆ ಹೊರೆದವನು ನಾನು.

ಗದಗಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಪುಟ್ಟ ಅಂಗಡಿ ಇತ್ತು. ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮು, ಅದರ ಕ್ಯಾಸೆಟ್ಟು ಮಾರುತ್ತಿದ್ದೆ. ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಇದರಾಗ ಎಷ್ಟ ಆಟ ಅದಾವ್ರಿ?" ಚೀಟಿಯ ಮೇಲೆ ೯೯೯ ಎಂದಿದ್ದರೆ ಮುಗಿಯಿತು, ತಗೊಂಡೇ ಹೋಗುವರು. ಒಳಗೆ ಇದ್ದದ್ದು ಏಳೆಂಟು ಆಟ. ಅವೇ ಬಣ್ಣ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಯಾರೂ ತಕರಾರು ತೆಗೆಯಲಿಲ್ಲ.

ಒಮ್ಮೆ ಮಾಲಿನ ಜೊತೆ ಒಂದೇ ಆಟವಿದ್ದ ಕ್ಯಾಸೆಟ್ಟು ಬಂತು. ಒಬ್ಬ ಅಂಬಿಗ, ಒಂದು ಹೊಳೆ, ದಾಟಿಸಬೇಕಾದ ಆಡು-ಕುರಿ. ಗುಂಡಿಲ್ಲ, ಗುದ್ದಾಟವಿಲ್ಲ. ಅಂಥದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅದನ್ನೇ ಆಡುತ್ತಾ ಕೂರುತ್ತಿದ್ದೆ. ಹೊಳೆ ತುಂಬಿದ ಕಡೆ ಮಾತ್ರ ದೋಣಿ ಪ್ರತಿಸಲ ಕೊಚ್ಚಿಹೋಗುತ್ತಿತ್ತು. ಆ ಮಧ್ಯಾಹ್ನಗಳು ಈಗಲೂ ಬೇಕು ಅನಿಸುತ್ತದೆ.

ಯಾರಾದರೂ ಅದನ್ನು ಒಯ್ದು ಮನಸ್ಸಿಟ್ಟು ಆಡಲಿ ಎಂದು ನನಗೆ ಬಹಳ ಆಸೆ. ಬಂದವರಿಗೆಲ್ಲ ತೋರಿಸಿದೆ. "ಒಂದ ಆಟೇನು?" ಎಂದು ಕೆಳಗಿಟ್ಟು ಹೋದರು. ಕಡೆಗೆ ರೋಸಿಹೋಗಿ, ಬೇರೆ ಕ್ಯಾಸೆಟ್ಟಿನ ೯೯೯ರ ಚೀಟಿ ಕಿತ್ತು ಅದಕ್ಕೆ ಅಂಟಿಸಿಬಿಟ್ಟೆ. ಅಂದೇ ಸಂಜೆಯೊಳಗೆ ಹಮ್ಮಿಗಿಯ ಹೆಣ್ಣುಮಗಳೊಬ್ಬಳು ಮಕ್ಕಳಿಗೆಂದು ಒಯ್ದಳು.

ಎರಡು ತಿಂಗಳಾದ ಮೇಲೆ ಆಕೆ ಆ ಕ್ಯಾಸೆಟ್ಟು ಹಿಡಿದುಕೊಂಡು ಮತ್ತೆ ಬಂದಳು. ಬೈಸಿಕೊಳ್ಳುವ ಹೊತ್ತು ಬಂತು ಎಂದು ಎದ್ದು ನಿಂತೆ.

"ಹುಡುಗ್ರು ಬಿಟ್ಟಾವ್ರಿ, ನಾನ ಆಡ್ತೀನಿ" ಎಂದಳು. "ನಿನ್ನೆ ಅಂಬಿಗಂದು ಮುಗೀತು. ಉಳಿದವು ಹೆಂಗ ತಗೀಬೇಕು ಅಂತ ಕೇಳಾಕ ಬಂದೇನಿ."

ನನ್ನಿಂದ ಮುಗಿಯದ್ದು ಆಕೆಯಿಂದ ಮುಗಿದಿತ್ತು! ತುಂಬಿದ ಹೊಳೆ ಹೇಗೆ ದಾಟಿಸಿದಿರಿ ಎಂದು ಕೇಳಿದೆ. ಆಕೆ ನಕ್ಕಳು.

"ಹೊಳಿ ದಂಡಿಮ್ಯಾಗ ಹುಟ್ಟಿದಾಕಿರಿ ನಾ. ಸೀದಾ ಹೊಡದ್ರ ಕೊಚ್ಚಿಕೊಂಡು ಹೋಗೂದ. ದಂಡಿ ಹಿಡದು ಮೊದಲ ಮ್ಯಾಲಕ ಹೋಗಬೇಕು, ಆಮ್ಯಾಲ ಅಡ್ಡ ಬಿಡಬೇಕು. ಆ ಆಟ ಮಾಡಿದಾಂವಗ ಹೊಳಿ ಗೊತ್ತೈತಿ ನೋಡ್ರಿ."

ನನಗೆ ನಾಚಿಕೆಯಾಯಿತು. "ಉಳಿದವು ಇಲ್ಲವ್ವಾ. ಅದರಾಗ ಇರೂದು ಅದೊಂದ. ಮಾರಾಟ ಆಗಲಿ ಅಂತ ಚೀಟಿ ನಾನ ಹಚ್ಚಿದೆ" ಎಂದೆ.

ಬೈಯಲಿಲ್ಲ ಆಕೆ. ಕ್ಯಾಸೆಟ್ಟನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

"ಮೊದಲ ಹೇಳಬಾರದೇನ್ರಿ? ಉಳಿದವು ನೋಡಬೇಕಂತ ಗಡಬಡಿಸಿ ಮುಗಿಸಿಬಿಟ್ಟೆ. ಅದೊಂದ ಐತಿ ಅಂತ ಗೊತ್ತಿದ್ರ ಸಾವಕಾಶ ಆಡ್ತಿದ್ದೆ."